ರೈಟ್ ಅಂದರೆ ಯಾವ ಕಡೆ?

೧೯೭೪ರ ಜನವರಿ. ಸಂಕ್ರಮಣ ಮುಗಿದು ನಾಲ್ಕೈದು ದಿನ ಆಗಿರಬೇಕು. ವಿಜಾಪುರದಲ್ಲಿ ಓದು ಮುಗಿಸಿ, ಇಂಡಿ ತಾಲೂಕಿನ ನಮ್ಮೂರ ಸಾಲಿಯಲ್ಲಿ ಆಗಷ್ಟೇ ಟೀಚರ್ ಆಗಿದ್ದೆ, ಊರವರ ಬಾಯಲ್ಲಿ 'ಅಕ್ಕೋರು'. ಊರಲ್ಲಿ ಇಂಗ್ಲಿಷ್ ಬಲ್ಲ ಹೆಣ್ಣುಮಗಳು ನಾನೊಬ್ಬಳೇ. ಆ ಜಂಬ ಎಷ್ಟಿತ್ತೆಂದರೆ, ಮನೆಯ ಎಮ್ಮೆಗೂ 'ಕಮ್ ಹಿಯರ್' ಅನ್ನುತ್ತಿದ್ದೆ.

ಅಕ್ಕ ಗಂಗವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹಿಂದಿನ ದಿನ ಮಧ್ಯಾಹ್ನ ಶುರುವಾದ ಬ್ಯಾನಿ ಬೆಳಗಾದರೂ ಮುಗಿಯಲಿಲ್ಲ. ಸೂಲಗಿತ್ತಿ ಕೈಚೆಲ್ಲಿಬಿಟ್ಟಳು. ತಡ ಮಾಡಿದರೆ ತಾಯಿನೂ ಉಳಿಯಂಗಿಲ್ಲ, ಕೂಸೂ ಉಳಿಯಂಗಿಲ್ಲ, ಇಂಡಿ ದವಾಖಾನೆಗೆ ಒಯ್ಯಿರಿ ಅಂದಳು. ಅಪ್ಪ ಎತ್ತು ಕೊಳ್ಳಲು ಬಸವನ ಬಾಗೇವಾಡಿಗೆ ಹೋಗಿದ್ದ. ನಾನೇ ಗೌಡರ ಮನೆಗೆ ಓಡಿ ಜೀಪು ಕೇಳಿದೆ. ಅವರ ಡ್ರೈವರ್ ಸಾಯಬಣ್ಣ ಕಾಕಾ ಬಾಯಿ ಮುಕ್ಕಳಿಸುತ್ತಿದ್ದವರು ಹಾಗೆಯೇ ಹೊರಟುಬಂದರು.

ಹೊರಗೆ ಮಂಜೋ ಮಂಜು. ಅಷ್ಟು ದಟ್ಟ ಮಂಜನ್ನು ನಮ್ಮ ಕಡೆ ನಾನು ಮತ್ತೆ ಕಂಡಿಲ್ಲ. ರಸ್ತೆ ಬದಿಯ ಜೋಳದ ಹೊಲ ಒತ್ತಟ್ಟಿಗಿರಲಿ, ಜೀಪಿನ ಮೂತಿಯೇ ಕಾಣುತ್ತಿರಲಿಲ್ಲ. ಅಕ್ಕನನ್ನು ಕೌದಿಯಲ್ಲಿ ಸುತ್ತಿ ಹಿಂದೆ ಮಲಗಿಸಿದೆವು. ಅವ್ವ ಅವಳ ತಲೆ ತೊಡೆಯ ಮೇಲಿಟ್ಟುಕೊಂಡಳು. ದೀಪ ಹಾಕಿದರೆ ಎದುರಿಗೆ ಬಿಳಿ ಗೋಡೆ ನಿಂತಂತೆ ಆಗುತ್ತಿತ್ತು. ಕಾಕಾ ದೀಪ ಆರಿಸಿ, ಕತ್ತು ಹೊರಗೆ ಹಾಕಿ, ಎತ್ತಿನ ಗಾಡಿಗಿಂತ ನಿಧಾನ ಹೊಡೆದರು. ಆಗೊಮ್ಮೆ ಈಗೊಮ್ಮೆ ಇಂಜಿನ್ ಬಂದ್ ಮಾಡಿ, ಎದುರಿಗೆ ಗಾಡಿಯ ಗೆಜ್ಜೆ ಸಪ್ಪಳ ಬರುತ್ತದೇನೋ ಎಂದು ಕಿವಿಗೊಡುತ್ತಿದ್ದರು. ಅಕ್ಕ ನರಳುತ್ತಿದ್ದಳು. ನನಗೋ ಸಿಟ್ಟು, ಈ ಮುದುಕಪ್ಪ ಜೋರಾಗಿ ಯಾಕೆ ಹೊಡೆಯುವುದಿಲ್ಲ ಅಂತ.

ಹಳ್ಳದ ಸೇತುವೆ ಬಂತು. ಎರಡೂ ಬದಿ ಕಟ್ಟೆಯಿಲ್ಲದ ಸಣ್ಣ ಸೇತುವೆ, ಕೆಳಗೆ ಆಳುದ್ದ ಹಳ್ಳ. ಕಾಕಾ ಗಾಡಿ ನಿಲ್ಲಿಸಿ, ತಮ್ಮ ಬಿಳಿ ಟವೆಲ್ಲು ನನ್ನ ಹೆಗಲಿಗೆ ಹಾಕಿ, ಮುಂದೆ ನಡೀರಿ, ದಾರಿ ಹೇಳ್ರಿ ಅಂದರು. ನಾನು ನಾಲ್ಕು ಹೆಜ್ಜೆ ನಡೆದು ಹಿಂತಿರುಗಿ ನೋಡಿದರೆ, ಜೀಪಿನ ಎಡಗಾಲಿ ಸೇತುವೆಯ ಅಂಚಿಗೇ ಬಂದಿತ್ತು. ಬಲಕ್ಕೆ ತಿರುಗಿಸಲಿ ಎಂದು ಕೂಗಿದೆ, "ರೈಟ್! ರೈಟ್!"

ಕಾಕಾ ನೆಟ್ಟಗೆ ಮುಂದಕ್ಕೇ ಬಿಟ್ಟರು.

ಎಡಗಾಲಿ ಅಂಚು ದಾಟಿ ಜೋತುಬಿತ್ತು. ಜೀಪು ಒಂದು ಕಡೆ ವಾಲಿ ನಿಂತಿತು. ಅವ್ವ ಚೀರಿದಳು. ಕಾಕಾ ಮಾತ್ರ ಬ್ರೇಕು ಬಿಗಿದು, ಯಾರೂ ಅಲುಗಾಡಬ್ಯಾಡ್ರಿ ಅಂದರು. ಆಮೇಲೆ ಮೆಲ್ಲಗೆ ಇಳಿದು ಬಂದು, ಹಿಂದಿನಿಂದ ಅವ್ವನನ್ನು ಇಳಿಸಿ, ಅಕ್ಕನನ್ನು ಮಗಳಂತೆ ಎತ್ತಿ ತಂದು ರಸ್ತೆಯ ಮೇಲೆ ಕೂರಿಸಿದರು.

"ಅಕ್ಕೋರ, ರೈಟ್ ಅಂದ್ರ ಹೋಗು ಅಂತಲ್ರಿ?" ಅಂತ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಆಗ ಗೊತ್ತಾಯಿತು. ಮೊದಲು ಅವರು ಬಸ್ಸಿನ ಕ್ಲೀನರ್ ಆಗಿದ್ದವರು. ಕಂಡಕ್ಟರ್ ರೈಟ್ ಅಂದರೆ ಬಸ್ಸು ಹೊರಡಬೇಕು, ಅವರಿಗೆ ಗೊತ್ತಿದ್ದದ್ದು ಅಷ್ಟೇ. ನಾನು ದಡ್ಡಿ, ಇಂಗ್ಲಿಷ್ ಪಂಡಿತೆ! ಬಲಕ್ಕೆ ಅನ್ನಲು ನನಗೇನು ಬಡಿದಿತ್ತು?

ನಾಲ್ಕೂ ಗಾಲಿ ಎಳೆಯುವ ಗೇರು ಹಾಕಿ ಗಾಡಿಯನ್ನು ಹಿಂದಕ್ಕೆ ತರಬೇಕಿತ್ತು. ಹಿಂದಿನ ಅಂಚೂ ಅವರಿಗೆ ಕಾಣುವಂತಿರಲಿಲ್ಲ. ಮತ್ತೆ ನನಗೇ ದಾರಿ ಹೇಳ್ರಿ ಅಂದರು. ನಾನು ಅಳುತ್ತಾ ಒಲ್ಲೆ ಅಂದೆ.

"ನನಗ ಮಂಜಿನಾಗ ಏನೂ ಕಾಣಂಗಿಲ್ಲ, ನಿಮ್ಮ ದನಿ ಅಷ್ಟ ಕೇಳತೈತಿ. ಎತ್ತಿಗೆ ಹೇಳಿದಂಗ ಹೇಳ್ರಿ, ನಾ ಕೇಳ್ತೇನಿ."

ಹೇಳಿದೆ. ಹಿಂದಕ ಬಾ, ಬಲಕ, ಇನ್ನೊಂದೀಟು, ನಿಂದ್ರ್ ಎಂದು ಅಪ್ಪನ ವಯಸ್ಸಿನವರನ್ನು ಎತ್ತಿನಂತೆ ಹೊಡೆದುಕೊಂಡು ಬಂದೆ. ಎಡಗಡೆಯ ಮಡ್‌ಗಾರ್ಡು ಸೇತುವೆಯ ಕಲ್ಲಿಗೆ ಬಡಿದು ಜಜ್ಜಿಹೋಯಿತು, ಆದರೆ ಗಾಲಿ ಮೇಲೆ ಬಂತು. ಇಂಡಿ ಮುಟ್ಟಿ ಒಂದು ತಾಸಿಗೆ, ಮಂಜು ಕರಗಿ ಬಿಸಿಲು ಬೀಳುವ ಹೊತ್ತಿಗೆ, ಅಕ್ಕ ಹೆಣ್ಣು ಹಡೆದಳು. ಇಬ್ಬರೂ ಬದುಕಿದರು. ಕಾಕಾ ದವಾಖಾನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಾ, ಕೂಸು ಯಾರಂಗ ಐತಿ ಅಂತ ಮೂರು ಸಲ ಕೇಳಿದರು.

ಮರುದಿನ ಊರಿಗೆ ಬಂದಾಗ ಗೌಡರು ಜಜ್ಜಿದ ಮಡ್‌ಗಾರ್ಡು ನೋಡಿ ಕೆಂಡವಾದರು. ಇಷ್ಟು ವರ್ಷ ಗಾಡಿ ಹೊಡೆದು ಕಣ್ಣು ಕಳಕೊಂಡಿಯೇನು ಎಂದು ಹತ್ತು ಜನರ ಎದುರು ಕಾಕಾನನ್ನು ಬೈದರು. ಕಾಕಾ ನನ್ನ ಕಡೆ ನೋಡಲೂ ಇಲ್ಲ. "ಹೌದ್ರಿ ಗೌಡ್ರ, ನನ್ನ ಕಣ್ತಪ್ಪು" ಅಂದರು. ನಾನು ಅಲ್ಲೇ ಇದ್ದೆ. ಸೆರಗಿನ ಚುಂಗು ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ. ಊರಿನ ಅಕ್ಕೋರಿಗೆ ಮಾನ ಹೋಗುವ ಭಯ ನೋಡಿ.

ಆಮೇಲೆ ಎಷ್ಟೋ ಸಲ ಹೇಳಬೇಕು ಅಂದುಕೊಂಡೆ. ಎದುರಾದಾಗಲೆಲ್ಲ ಅವರೇ ನಕ್ಕು, ಅಕ್ಕೋರ, ರೈಟ್? ಅನ್ನುತ್ತಿದ್ದರು. ನಾನೂ ನಕ್ಕು ಮುಂದೆ ಹೋಗುತ್ತಿದ್ದೆ. ಗೌಡರೂ ಹೋದರು, ಕಾಕಾನೂ ಹೋಗಿ ಬಹಳ ವರ್ಷವಾಯಿತು. ಅಂದು ಹುಟ್ಟಿದ ಕೂಸಿಗೆ ಈಗ ಮೊಮ್ಮಗ ಇದ್ದಾನೆ. ಈ ವಯಸ್ಸಿನಲ್ಲಿ ನನಗಿನ್ನು ಯಾವ ಮಾನದ ಭಯ? ಆ ದಿನ ಗೌಡರ ಅಂಗಳದಲ್ಲಿ ಆಡದ ಮಾತನ್ನು ಇಲ್ಲಿ ಎಲ್ಲರ ಎದುರು ಆಡುತ್ತಿದ್ದೇನೆ: ಸಾಯಬಣ್ಣ ಕಾಕಾನ ಕಣ್ಣು ತಪ್ಪಿರಲಿಲ್ಲ, ತಪ್ಪು ನನ್ನದು.