ಕಪ್ಪು ಚುಕ್ಕೆಯ ಭತ್ತ

ಅರವತ್ತರ ದಶಕದ ಆರಂಭದಲ್ಲಿ, ಹಾವೇರಿ ಕಡೆಯವನಾದ ನನ್ನನ್ನು ಕೃಷಿ ಇಲಾಖೆಯವರು ಯಲ್ಲಾಪುರಕ್ಕೆ ಹಾಕಿದರು. ಬಿತ್ತನೆಗೆ ಮೊದಲು ರೈತರ ಭತ್ತದಲ್ಲಿ ಹುಳವೋ ರೋಗವೋ ಇದೆಯೇ ಎಂದು ನೋಡಿ ಹೇಳುವುದು ನನ್ನ ಕೆಲಸ. ಬೀಜದ ಉಗ್ರಾಣದ ಹಿಂದಿನ ಕೋಣೆಯಲ್ಲೇ ಅಡುಗೆ, ನಿದ್ದೆ. ಬಂದವರು ಬೀಜದ ಮಾತಾಡಿ ಹೊರಟುಬಿಡುತ್ತಿದ್ದರು. ರಜೆಯ ದಿನ ಸಂಜೆಯಾದರೂ ಬಾಯಿಂದ ಒಂದು ಶಬ್ದ ಹೊರಟಿರುತ್ತಿರಲಿಲ್ಲ.

ಒಂದು ಮೇ ತಿಂಗಳಲ್ಲಿ ನಂದೊಳ್ಳಿಯಿಂದ ವಿಧವೆಯೊಬ್ಬಳು ಸೆರಗಿನಲ್ಲಿ ಒಂದು ಸೇರು ಭತ್ತ ಕಟ್ಟಿಕೊಂಡು ಬಂದಳು. ಗಂಡ ವರ್ಷವರ್ಷವೂ ತೆನೆ ಆರಿಸಿ ಉಳಿಸಿದ್ದ ತಳಿಯಂತೆ. ಉಳಿದದ್ದು ಮನೆಯಲ್ಲಿತ್ತು.

"ನೀನೊಬ್ನೇ ಇರ್ತ್ಯಾ ತಮಾ ಇಲ್ಲಿ?" ಎಂದಳು.

ಆ ಊರಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಅವಳ ಮುಖ ನೋಡಲಾರದೆ ಭೂತಗನ್ನಡಿ ಹಿಡಿದು ಭತ್ತದ ಮೇಲೆ ಬಗ್ಗಿದೆ. ಸಿಪ್ಪೆಯ ತುಂಬ ಕಪ್ಪು ಚುಕ್ಕೆ. ಒದ್ದೆ ಕಾಗದದ ಮೇಲೆ ವಾರವಿಟ್ಟು ನೋಡುವುದು ನಿಯಮ. ಅವಳ ಮುಂದೆ ಅತ್ತುಬಿಡುವ ಮೊದಲೇ ಏನಾದರೂ ಹೇಳಿ ಕಳಿಸಬೇಕಿತ್ತು; ನನಗೆ ಅಷ್ಟು ತಾಳ್ಮೆ ಇರಲಿಲ್ಲ.

"ರೋಗ ಐತ್ರಿ ಅಮ್ಮಾ, ಬಿತ್ತಬ್ಯಾಡ್ರಿ. ಕುದಿಸಿ ಅಕ್ಕಿ ಮಾಡಿಸ್ರಿ."

"ಅವ್ರಿದ್ದಾಗೂ ಹಿಂಗೇ ಇತ್ತು..." ಎಂದವಳು ತಡೆದು, "ನೀ ಕಲ್ತವ, ನಿಂಗೆ ಗೊತ್ತಿರ್ತದೆ" ಎಂದು ಹೊರಟಳು.

ಅವಳ ಆ ಅರ್ಧ ಮಾತು ನನ್ನನ್ನು ಕೊರೆಯಿತು. ಅವಳು ಬಿಟ್ಟುಹೋಗಿದ್ದ ಭತ್ತದಲ್ಲಿ ನೂರು ಕಾಳನ್ನು ಎರಡು ದಿನ ಕಳೆದು ಒದ್ದೆ ಕಾಗದದ ಮೇಲಿಟ್ಟೆ. ವಾರದಲ್ಲಿ ಹೆಚ್ಚುಕಡಿಮೆ ಎಲ್ಲವೂ ಬೆಳ್ಳಗೆ ಮೊಳೆತವು. ಬೂಷ್ಟಿಲ್ಲ, ಕೊಳೆತದ್ದಿಲ್ಲ. ಚುಕ್ಕೆ ಆ ತಳಿಯ ಬಣ್ಣವಷ್ಟೇ.

ಉಳಿದ ಭತ್ತ ಕಟ್ಟಿಕೊಂಡು ನಂದೊಳ್ಳಿಗೆ ನಡೆದೆ. ಅಂಗಳದ ಚಾಪೆಯ ಮೇಲೆ ಕುದಿಸಿದ ಭತ್ತ ಒಣಗುತ್ತಿತ್ತು. ಅವಳು ಕಾಲಿನಿಂದ ಅದನ್ನು ಕೆದರುತ್ತಿದ್ದಳು.

"ತಪ್ಪಾತ್ರಿ. ನಿಮ್ಮ ಬೀಜ ಚಲೋ ಇತ್ತು."

ಅವಳ ಕಾಲು ನಿಂತಿತು. "ಎಲ್ಲಾ ಬೇಯ್ಸಿಬಿಟ್ನಲ್ಲ ತಮಾ" ಎಂದು ಜಗಲಿಯ ಮೇಲೆ ಕುಳಿತಳು. ಬೈಗುಳಕ್ಕಾಗಿ ಕಾದೆ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಅವಳು ಎದ್ದು ಒಳಗಿನಿಂದ ಮಜ್ಜಿಗೆ ತಂದುಕೊಟ್ಟಳು. ನನ್ನ ಕೈಯ ಗಂಟನ್ನು ತೆಗೆದುಕೊಂಡಳು.

ಆ ವರ್ಷ ಗದ್ದೆಗೆ ನೆರೆಯವರ ಬೀಜ ಬಿತ್ತಿದಳು. ನಾನು ಕೊಟ್ಟದ್ದನ್ನು ಒಂದು ಮೂಲೆಯಲ್ಲಿ ಬೇರೆಯಾಗಿ ಬೆಳೆಸಿದಳು. ಕೊಯ್ಲಿನ ಹೊತ್ತಿಗೆ ಹೋದಾಗ ತೆನೆ ತುಂಬಿ ಬಾಗಿತ್ತು.

"ಮುಂದಿನ ಮಳೆಗೆ ಇದನ್ನೇ ಬಿತ್ತೂದು. ನಿಂಗೆ ತೋರ್ಸೂದಿಲ್ಲ ಮತ್ತೆ!" ಎಂದು ನಕ್ಕಳು. ನಾನೂ ನಕ್ಕೆ. ಆದರೆ ಅವಳು ಹೇಳಿದಂತೆಯೇ ನಡೆದುಕೊಂಡಳು, ಮತ್ತೆಂದೂ ಉಗ್ರಾಣಕ್ಕೆ ಬರಲಿಲ್ಲ.