ರೊಟ್ಟಿ ಬಡಿಯುವ ಹೊತ್ತಿನ ಹಾಡು

ವಾರಕ್ಕೊಂದು ಹಾಡನ್ನು ಮನೆಯಲ್ಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತೇನೆಂದು ಸವದತ್ತಿಯ ಅಕ್ಕನ ಮುಂದೆ ಜಂಬ ಕೊಚ್ಚಿ ಬಂದವಳು ನಾನೇ. ಬೈಲಹೊಂಗಲದ ನಮ್ಮ ಮನೆಯಲ್ಲಿ ನನಗೆ ಬಿಡುವು ಸಿಗುವುದು ಭಾನುವಾರ ಬೆಳಿಗ್ಗೆ ಮಾತ್ರ. ಅತ್ತೆ ಜೋಳದ ರೊಟ್ಟಿ ಬಡಿಯುವುದೂ ಆಗಲೇ. ಕೋಣೆಯ ಬಾಗಿಲು ಹಾಕಿ, ಸಂದಿಗೆ ಕೌದಿ ತುರುಕಿ ಹಾಡಿದರೂ ಆ ಪಟಪಟ ಸದ್ದು ಮೊಬೈಲಿನೊಳಗೆ ಬಂದು ಕೂರುತ್ತಿತ್ತು. ನನಗೋ ಸಿಟ್ಟು ನೆತ್ತಿಗೇರುತ್ತಿತ್ತು.

ಒಂದು ಭಾನುವಾರ ತಡೆಯಲಾರದೆ ಅಡುಗೆಮನೆಗೆ ಹೋಗಿ, "ಅತ್ತಿ, ಒಂದ ಹಾಡ ಮುಗಿಯೂತನಾ ಕೈ ನಿಲ್ಲಸ್ರಿ" ಎಂದೆ.

"ಹಂಚ ಕಾದೈತಿ. ನಿನ್ನ ಹಾಡೇನ ಆರಿ ಹೋಗತೈತೇನು?" ಎಂದು ಗೊಣಗಿದರೂ ನಿಲ್ಲಿಸಿದರು. ಮನೆಯೆಲ್ಲ ಗಪ್‌ಚಿಪ್. ಇಷ್ಟು ಚೊಕ್ಕಾಗಿ ಎಂದೂ ಹಾಡಿರಲಿಲ್ಲವೆಂದು ಹಿಗ್ಗಿ ಕಳಿಸಿದೆ.

ಸ್ವಲ್ಪ ಹೊತ್ತಿಗೇ ಅಕ್ಕನ ಫೋನ್ ಬಂತು. "ಈ ಸಲ ಹಾಡ ಸಪ್ಪಗ ಆಗೇತಲ್ಲ! ವಾರಾ ವಾರಾ ತಾಳ ಹಾಕತಿದ್ದವ್ರು ಎಲ್ಲಿ ಹೋದ್ರು?" ಸ್ಪೀಕರ್ ಹಾಕಿದ್ದೆ. ಅತ್ತೆಗೂ ಕೇಳಿಸಿತು. ಅಂದಿನಿಂದ ಅವರ ಠೀವಿಯೇ ಬೇರೆ.

ಈಗ ನಾನು ಹಾಡುವುದು ಅಡುಗೆಮನೆಯಲ್ಲೇ, ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟು. ಮೊನ್ನೆ ಹಾಡಿನ ನಡುವೆ ಅತ್ತೆ ಕೈ ನಿಲ್ಲಿಸಿ, ಹರಿದ ರೊಟ್ಟಿಯೊಂದನ್ನು ನನ್ನ ಮುಖದ ಮುಂದೆ ಹಿಡಿದರು.

"ನೋಡಿಲ್ಲಿ. ನೀ ತಾಳ ತಪ್ಪಿದಿ, ನನ್ನ ರೊಟ್ಟಿ ಹರೀತು. ಹಾಡು, ಮೊದಲಿಂದ."