ಮೊಣಕಾಲು ಮಟ್ಟದ ತೊಟ್ಟಿ

ಭೂತ, ಸೋಂಕು, ಗಾಳಿ ಇವನ್ನೆಲ್ಲ ನಾನು ನಂಬಿದವಳಲ್ಲ. ನಮ್ಮದು ಕುಂಬಾರರ ಮನೆ. ಹುಟ್ಟಿದಾಗಿನಿಂದ ಮಣ್ಣು ಅಗೆದದ್ದು, ತುಳಿದದ್ದು, ಸುಟ್ಟದ್ದು. ನಡು ಮಧ್ಯಾಹ್ನ ಮಣ್ಣಿನ ಗುಂಡಿಗೆ ಇಳಿಯಬೇಡ, ಅಲ್ಲಿ ಏನೋ ಇದೆ ಎಂದು ಹೆದರಿಸಿದವರಿಗೆ, ಇದ್ದರೆ ಅದೂ ಒಂದು ಬುಟ್ಟಿ ಹೊರಲಿ ಎಂದವಳು ನಾನು. ಮಣ್ಣನ್ನು ಬೆಂಕಿಗೆ ಹಾಕಿದರೆ ಮಡಕೆ, ಹಾಕದಿದ್ದರೆ ಮಣ್ಣು. ಅದರಲ್ಲಿ ಮೂರನೆಯದು ಇಲ್ಲ ಎಂದೇ ಅರುವತ್ತು ದಾಟುವವರೆಗೂ ತಿಳಿದಿದ್ದೆ.

ಚಂದ ಮಾಡಿ ಬರೆಯಲು ನನಗೆ ಬಾರದು. ಮೂರನೇ ಕ್ಲಾಸಿಗೇ ಶಾಲೆ ಮುಗಿಯಿತು. ಆದದ್ದನ್ನು ಆದ ಹಾಗೆ ಹೇಳುತ್ತೇನೆ. ಇದು ರಾತ್ರಿಯಲ್ಲಿ ಆದದ್ದೂ ಅಲ್ಲ, ಹಾಡುಹಗಲು ಆದದ್ದು.

ನಾನು ಕತಾರಿಗೆ ಹೋದದ್ದು ಮಗಳ ಮಗುವನ್ನು ನೋಡಿಕೊಳ್ಳಲು. ಎರಡು ಸಾವಿರದ ಮೇಲೆ ಎಂಟೊಂಬತ್ತು ವರ್ಷ ಕಳೆದಿತ್ತು. ಮಗಳು ಶಶಿಕಲಾ ಆಸ್ಪತ್ರೆಯಲ್ಲಿ ನರ್ಸ್. ಅಳಿಯ ಉಮೇಶ ತೋಟ ಮಾಡಿಕೊಡುವ ಒಂದು ಕಂಪನಿಯಲ್ಲಿ ಸೂಪರ್‌ವೈಸರ್. ಇಬ್ಬರಿಗೂ ಹೊತ್ತುಗೊತ್ತಿಲ್ಲದ ಡ್ಯೂಟಿ. ಮೊಮ್ಮಗಳು ಶ್ರೇಯಾಳಿಗೆ ನಾಲ್ಕು ತುಂಬಿರಲಿಲ್ಲ. ನಾನು ಹೋದಾಗ ಅವರು ದೋಹಾದ ನಜ್ಮಾದಲ್ಲಿದ್ದರು. ಅಲ್ಲಿ ಕೆಳಗಡೆ ನಮ್ಮ ಕಡೆಯ ಬ್ಯಾರಿಯೊಬ್ಬರ ಅಂಗಡಿ ಇತ್ತು. ಬೆಲ್ಲವೂ ಸಿಗುತ್ತಿತ್ತು, ಮಾತೂ ಸಿಗುತ್ತಿತ್ತು. ಆಮೇಲೆ ಉಮೇಶ ಕಂಪನಿಯ ಕೆಲಸದ ಜೊತೆಗೆ ಊರ ಹೊರಗೆ ಒಬ್ಬ ಅರಬಿಯ ಬಂಗಲೆಯ ತೋಟ ನೋಡಿಕೊಳ್ಳುವ ಕೆಲಸ ಹಿಡಿದ. ಬಂಗಲೆಯ ಹಿಂದೆ ಎರಡು ಕೋಣೆಯ ಮನೆ ಕೊಟ್ಟರು. ಬಾಡಿಗೆ ಉಳಿಯಿತೆಂದು ಅವರಿಬ್ಬರಿಗೂ ಖುಷಿ.

ನನಗೆ ಮಾತ್ರ ಉಸಿರು ಕಟ್ಟಿತು. ಸುತ್ತ ಎರಡಾಳು ಎತ್ತರದ ಗೋಡೆ. ಗೋಡೆಯ ಆಚೆ ಏನಿದೆ ಎಂದು ಉಮೇಶನನ್ನು ಕೇಳಿದರೆ, ಇನ್ನೊಂದು ಗೋಡೆ ಎಂದ. ಗೇಟಿಗೆ ಕರೆಂಟಿನ ಬೀಗ. ಒತ್ತಿದರೆ ತೆರೆಯುವ ಗುಂಡಿ ಬಂಗಲೆಯ ಒಳಗೆ. ಪಾಸ್‌ಪೋರ್ಟು ಎಲ್ಲಿದೆಯೋ ನನಗೆ ಗೊತ್ತಿಲ್ಲ. ಮೊಣಕಾಲು ಮೊದಲೇ ಹೋಗಿತ್ತು. ಜನ್ಮವಿಡೀ ಮಣ್ಣು ತುಳಿದ ಕಾಲು ಕೋಲಿನ ಹಾಗೆ ನೆಟ್ಟಗೆ ನಿಂತಿತ್ತು, ಮಡಚುತ್ತಿರಲಿಲ್ಲ. ನೆಲದ ಮೇಲೆ ಕೂರದೆ ವರ್ಷಗಳಾಗಿದ್ದವು. ಶ್ರೇಯಾ ಮಾತಾಡುವುದು ಮುಕ್ಕಾಲು ಇಂಗ್ಲಿಷು. ಸೀರಿಯಲ್ ಹಾಕಿಕೊಂಡು ನಾನು, ಕಾರ್ಟೂನ್ ಬೇಕೆಂದು ಅವಳು, ಹೀಗೆ ದಿನ ಹೋಗುತ್ತಿತ್ತು.

ಆ ಅರಬಿಗೆ ಗುಲಾಬಿಯ ಹುಚ್ಚು. ಅಲ್ಲಿಯ ನೆಲದಲ್ಲಿ ಗುಲಾಬಿ ಬಾರದು. ಆ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿದ್ದೇನೆ, ಬರೀ ಉಪ್ಪು. ಅವನು ಆಫ್ರಿಕಾ ಕಡೆಯಿಂದ ಹಡಗಿನಲ್ಲಿ ಮಣ್ಣು ತರಿಸಿದ. ಅಲ್ಲಿ ಯಾವ ಕಾಲದಲ್ಲೋ ಒಂದು ಬೆಟ್ಟ ಬೆಂಕಿ ಉಗುಳಿತಂತೆ. ಅದರ ಬೂದಿ ಕೆರೆಯ ಮೇಲೆ ಬಿದ್ದು, ತಳಕ್ಕೆ ಇಳಿದು, ಆಮೇಲೆ ಕೆರೆಯೇ ಬತ್ತಿಹೋಗಿ ಉಳಿದ ಮಣ್ಣಂತೆ ಅದು. ಉಮೇಶ ಹೇಳಿದ್ದು. ಬೂದು ಬಣ್ಣ, ಹಿಟ್ಟಿನಷ್ಟು ಹಗುರ. ಆದರೆ ಒಣಗಿದ ಹಾಗೆ ಕಾಣುವ ಒಂದು ಹಿಡಿಯನ್ನು ಗಟ್ಟಿಯಾಗಿ ಹಿಂಡಿದರೆ ಬೆರಳ ಸಂದಿಯಲ್ಲಿ ನೀರು ಬರುತ್ತಿತ್ತು. ನಾನು ಎಂಜಲು ಹಾಕಿ ಉಜ್ಜಿ ನೋಡಿದೆ, ಬೆಣ್ಣೆಯ ಹಾಗೆ ಜಾರಿತು. ಬಾಯಿಗೆ ಹಾಕಿದರೆ ಮಡಕೆ ಸುಡುವ ಆವಿಗೆಯ, ನೀರು ಚಿಮುಕಿಸಿದ ಬೂದಿಯ ರುಚಿ. ಮಡಕೆಗೆ ಆಗದ ಮಣ್ಣು ಎಂದು ಉಗಿದೆ.

ಅದನ್ನು ತುಂಬಲು ನಮ್ಮ ಮನೆಯ ಎದುರಿಗೇ ತೊಟ್ಟಿ ಕಟ್ಟಿದರು. ಅಲ್ಲಿಯ ನೆಲದ ಉಪ್ಪು ಏರಬಾರದೆಂದು ಒಂದು ಗೇಣು ಅಗೆದು ತಳಕ್ಕೆ ಕಾಂಕ್ರೀಟು ಹಾಕಿದರು, ಸುತ್ತ ಗೇಣೆತ್ತರದ ಕಟ್ಟೆ. ಮಣ್ಣು ತುಂಬುವ ಮೊದಲು ಉಮೇಶ ಒಳಗೆ ನಿಂತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಟ್ಟೆ ಅವನ ಮೊಣಕಾಲಿಗೆ ಬರುತ್ತಿತ್ತು. ಅಷ್ಟೇ ಆಳ. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ. ಗುಲಾಬಿ ಗಿಡ ಬರುವುದು ತಡವಾಯಿತು. ಅಲ್ಲಿಯವರೆಗೆ ಅದು ಶ್ರೇಯಾಳ ಆಟದ ಜಾಗವಾಯಿತು. ದಿನಾ ಕಟ್ಟೆಯಿಂದ ಅದಕ್ಕೆ ಹಾರುವುದೇ ಅವಳ ಕೆಲಸ.

ಹೀಗಿರುವಾಗ ಊರಿನಿಂದ ತಂಗಿ ಫೋನು ಮಾಡಿ ಶುಕ್ರವಾರ ಕೆಡ್ಡಸದ ಎಣ್ಣೆ ಎಂದಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ತುಳುನಾಡಿನಲ್ಲಿ ಕುಂಭ ಸಂಕ್ರಾಂತಿಯ ಹೊತ್ತಿಗೆ ಭೂಮಿ ಮುಟ್ಟಾಗುತ್ತಾಳೆ ಎಂದು ಲೆಕ್ಕ. ಆ ದಿನಗಳಲ್ಲಿ ನೆಲ ಅಗೆಯುವುದಿಲ್ಲ, ಹಸಿ ಮರ ಕಡಿಯುವುದಿಲ್ಲ, ಕುಂಬಾರರು ಮಣ್ಣು ತುಳಿಯುವುದಿಲ್ಲ. ಕೊನೆಗೆ ಅವಳ ಸ್ನಾನಕ್ಕೆಂದು ನೆಲಕ್ಕೆ ಎಣ್ಣೆ ಹೊಯ್ದು ನನ್ನೆರಿ ಇಡುವುದು. ನನ್ನೆರಿ ಎಂದರೆ ಹುರಿದ ಅಕ್ಕಿ ಹುಡಿಗೆ ಬೆಲ್ಲ, ಕಾಯಿತುರಿ, ನೆಲಗಡಲೆ ಕಲಸಿದ ತಿಂಡಿ. ಭೂತ ನಂಬದವಳಿಗೆ ಇದೇಕೆ ಎಂದು ಕೇಳಬೇಡಿ. ಇದು ನಂಬಿಕೆಯಲ್ಲ, ವಾಡಿಕೆ. ಮುಟ್ಟು ಕಳೆದವಳಿಗೆ ಎಣ್ಣೆ ನೀರು ಬೇಕು ಎಂದು ಹೆಣ್ಣಿಗೆ ಗೊತ್ತಿರುತ್ತದೆ.

ಆ ಅಂಗಳದಲ್ಲಿ ಎಲ್ಲ ಕಡೆ ಕಲ್ಲು ಹಾಸಿದ್ದರು. ಎಣ್ಣೆ ಹೊಯ್ಯಲು ಮಣ್ಣು ಅಂತ ಇದ್ದದ್ದು ಆ ತೊಟ್ಟಿಯದ್ದು ಮಾತ್ರ. ಯಾವ ದೇಶದ್ದಾದರೇನು, ಭೂಮಿಯ ಮೈಯೇ ತಾನೇ ಎಂದುಕೊಂಡೆ.

ಶುಕ್ರವಾರ ಉಮೇಶ ರಾಸ್ ಲಫಾನ್ ಕಡೆ ಗಿಡ ನೆಡಿಸಲು ಹೋಗಿದ್ದ. ಶಶಿಕಲಾ ಡ್ಯೂಟಿಯಲ್ಲಿ. ಅರಬಿಯ ಮನೆಯವರು ಕೆಲಸದವಳನ್ನೂ ಕಟ್ಟಿಕೊಂಡು ದೂರದ ತೋಟದ ಮನೆಗೆ ಹೋಗಿದ್ದರು. ಕಾವಲಿನವನು ಗೇಟು ಎಳೆದು ಜುಮ್ಮಾ ನಮಾಜಿಗೆ ಹೊರಟ. ಶ್ರೇಯಾ ಒಳಗೆ ಮಲಗಿ ನಿದ್ದೆ ಮಾಡುತ್ತಿದ್ದಳು. ಬಾಗಿಲು ಮುಂದೆ ಮಾಡಿ, ಎಣ್ಣೆಯ ಗಿಂಡಿಯನ್ನೂ ನನ್ನೆರಿಯ ತಟ್ಟೆಯನ್ನೂ ಕಟ್ಟೆಯ ಮೇಲಿಟ್ಟೆ.

ಅಂಚಿನಲ್ಲೆಲ್ಲ ಮಗು ಆಡಿ ತುಳಿದಿತ್ತು. ತುಳಿಯದ ಜಾಗ ಬೇಕಲ್ಲ, ನಡುವಿನಲ್ಲಿ ಒಂದಿಷ್ಟು ಸಮ ಮಾಡಿ ಬರುವ ಎಂದು ಕಾಲನ್ನು ಅಡ್ಡ ಎತ್ತಿ ಒಳಗಿಳಿದೆ. ಮಣ್ಣು ಕಾಲಿಗೆ ಮೆದು ಸಿಕ್ಕಿತು. ಅಷ್ಟು ಕಾಲದ ಮೇಲೆ ಬರಿಗಾಲಿಗೆ ಮಣ್ಣು. ನಾನು ಯೋಚಿಸಿ ಮಾಡಿದ್ದಲ್ಲ, ಹಿಮ್ಮಡಿ ತಾನೇ ತುಳಿಯಲು ಶುರು ಮಾಡಿತು. ಎಡ, ಬಲ, ಎಡ, ಬಲ, ಮಡಕೆಗೆ ಮಣ್ಣು ಹದ ಮಾಡುವ ಹಾಗೆ. ಎಣ್ಣೆ ಇನ್ನೂ ಹೊಯ್ದಿರಲಿಲ್ಲ.

ಮೊದಲು ಮಣ್ಣು ಅಲುಗಿತು. ಮತ್ತೆ ನೀರಾಯಿತು. ಮೇಲೆ ಒಂದು ಹನಿ ಪಸೆ ಇಲ್ಲ, ಕೆಳಗೆ ಗಂಜಿ. ಮೊಣಕಾಲಿನವರೆಗೆ ಇಳಿದೆ. ಇನ್ನು ಕಾಂಕ್ರೀಟು ಸಿಗುತ್ತದೆ ಎಂದು ಕಾಲು ಒತ್ತಿದೆ. ಸಿಗಲಿಲ್ಲ. ತೊಡೆ ಹೋಯಿತು, ಸೊಂಟ ಹೋಯಿತು, ಎದೆಗೆ ಬಂದು ನಿಂತಿತು. ಸುತ್ತ ಮಣ್ಣು ಹಿಡಿದುಕೊಂಡಿತು. ಕೈ ಎರಡೂ ಮೇಲಿದ್ದವು, ಹಿಡಿಯಲು ಏನೂ ಇಲ್ಲ. ಕಟ್ಟೆ ನಾಲ್ಕು ಮಾರು ದೂರ.

ಕೂಗಿದೆ. ಮಸೀದಿಯ ಮೈಕಿನಲ್ಲಿ ಪ್ರವಚನ ನಡೆಯುತ್ತಿತ್ತು. ನನ್ನ ಕೂಗು ಗೋಡೆಗೆ ಬಡಿದು ನನಗೇ ವಾಪಸು ಬಂತು. ಊರಿನಲ್ಲಿ ಒಂದು ಹಂದಿ ಗುಂಡಿಗೆ ಬಿದ್ದರೂ ನಾಲ್ಕು ಜನ ಬರುತ್ತಾರೆ.

ಇನ್ನು ಹೇಳುವುದನ್ನು ನಾನು ಬಹಳ ಕಾಲ ಯಾರಿಗೂ ಹೇಳಲಿಲ್ಲ. ಮೇಲೆ ಮಣ್ಣು ಬಿಗಿದಿತ್ತು. ಆದರೆ ಮೊಣಕಾಲಿನಿಂದ ಕೆಳಗೆ ನನ್ನ ಕಾಲು ನೀರಿನಲ್ಲಿತ್ತು. ಕೆಸರಲ್ಲ, ನೀರು. ತಣ್ಣಗೆ, ತೆಳ್ಳಗೆ, ಕಾಲು ಅಲ್ಲಾಡಿಸಿದರೆ ಅಲ್ಲಾಡುವ ನೀರು. ಸ್ವಲ್ಪ ಹೊತ್ತಿಗೆ ಪಾದಕ್ಕೆ ಚುಚ್ಚಿದ ಹಾಗಾಯಿತು. ಕೆರೆಯಲ್ಲಿ ಬಟ್ಟೆ ಒಗೆಯುವಾಗ ಸಣ್ಣ ಮೀನುಗಳು ಬಂದು ಹಿಮ್ಮಡಿ ಕಚ್ಚುವುದಿಲ್ಲವೇ, ಹಾಗೆ. ಒಂದಲ್ಲ, ಹಿಂಡು. ನನ್ನ ಗಂಡ ಸತ್ತಾಗ ಕಾಲುಂಗುರ ತೆಗೆಯಲು ಹೆಂಗಸರು ಸೋಪು ಹಾಕಿ ಎಳೆದಿದ್ದರು, ಎಣ್ಣೆ ಹಾಕಿ ಎಳೆದಿದ್ದರು, ಬಲಗಾಲಿನದು ಬರಲಿಲ್ಲ. ಬೆರಳು ಉಬ್ಬಿ ಅದನ್ನು ನುಂಗಿಕೊಂಡಿತ್ತು. ಇರಲಿ ಬಿಡಿ ಎಂದು ನಾನೇ ಗದರಿಸಿ ಕಳಿಸಿದ್ದೆ. ಬಲಗಾಲಿನ ಆ ಉಂಗುರ ಈಗ ತಾನಾಗಿ ತಿರುಗಿತು. ನಿಧಾನ ಜಾರಿ ಹೋಯಿತು. ನೋವೂ ಆಗಲಿಲ್ಲ.

ಆಗ ಬಾಗಿಲಿನ ಶಬ್ದ ಕೇಳಿತು. ಶ್ರೇಯಾ ಎದ್ದು ಬಂದಿದ್ದಳು. ಕಟ್ಟೆಯ ಮೇಲೆ ಹತ್ತಿ ನಿಂತು ನನ್ನನ್ನು ನೋಡಿದಳು.

"ಅಜ್ಜಿ, ಸ್ವಿಮ್ಮಿಂಗಾ?"

"ಹೌದು ಮಾರಾಯ್ತಿ, ಸ್ವಿಮ್ಮಿಂಗ್. ನೀನು ಅಲ್ಲೇ ಕೂತ್ಕೊ."

"ಮೀ ಟೂ."

ಅವಳು ಹಾರುವ ಹುಡುಗಿ ಎಂದು ಹೇಳಿದೆನಲ್ಲ. ನೋ ಎಂದೆ, ಖಲಾಸ್ ಎಂದೆ, ನನಗೆ ಬರುತ್ತಿದ್ದ ಎಲ್ಲ ಭಾಷೆಯ ಬೇಡಗಳನ್ನೂ ಹೇಳಿದೆ. ನಾನು ಸತ್ತರೆ ವಯಸ್ಸಾಯಿತು ಎನ್ನುತ್ತಾರೆ. ಇವಳು ನನ್ನ ಕಣ್ಣೆದುರು ಇಳಿದು ಹೋದರೆ ನಾನು ಕೈ ಮೇಲೆ ಮಾಡಿಕೊಂಡು ನೋಡಬೇಕು. ಅವಳು ಹಾರಲಿಲ್ಲ. ನನ್ನೆರಿಯ ತಟ್ಟೆ ಕಂಡಿತು. ತಟ್ಟೆ ಒಂದು ಕೈಯಲ್ಲಿ, ಗಿಂಡಿ ಇನ್ನೊಂದು ಕೈಯಲ್ಲಿ ಹಿಡಿದು ಮಣ್ಣಿನ ಮೇಲೆ ಕಾಲಿಟ್ಟಳು. ಮಣ್ಣು ಅವಳನ್ನು ಹೊತ್ತಿತು. ಚಾಪೆಯ ಮೇಲೆ ಬರುವ ಹಾಗೆ ಬಂದಳು. ಆದರೆ ಅವಳು ಇಟ್ಟ ಒಂದೊಂದು ಹೆಜ್ಜೆಗೂ ನನ್ನ ಎದೆಯ ಸುತ್ತ ಮಣ್ಣು ನಡುಗುತ್ತಿತ್ತು. ನಾನು ಕೊಸರಿದರೆ ಅವಳ ಕಾಲ ಕೆಳಗೂ ಗಂಜಿಯಾಗುತ್ತದೆ ಎಂದು ಗೊತ್ತಾಯಿತು.

ಕೊಸರುವುದನ್ನು ಬಿಟ್ಟೆ. ಕೂಗುವುದನ್ನೂ ಬಿಟ್ಟೆ. ಕಾಲಿನ ಬೆರಳನ್ನು ಮೀನು ಕಚ್ಚಿದರೂ ಅಲ್ಲಾಡಿಸಲಿಲ್ಲ. ಉಸಿರು ಕೂಡ ಮೂಗಿನ ತುದಿಯಲ್ಲೇ ಎಳೆದೆ.

ಅವಳು ನನ್ನ ಮುಖದ ಎದುರು ಚಕ್ಕಳಮಕ್ಕಳ ಹಾಕಿ ಕೂತಳು. ಒಂದು ಮುಷ್ಟಿ ನನ್ನೆರಿ ತಾನು ತಿಂದಳು. ಒಂದು ಮುಷ್ಟಿ ನನ್ನ ಬಾಯಿಗೆ ತುರುಕಿದಳು. ಒಂದು ಮುಷ್ಟಿ ಮಣ್ಣಿನ ಮೇಲೆ ಹಾಕಿದಳು. ಆಟ ಅದು. ಮತ್ತೆ ಅದೇ ಸಾಲು. ತಟ್ಟೆ ಖಾಲಿಯಾದ ಮೇಲೆ ಗಿಂಡಿ ಮಗುಚಿದಳು. ಎಣ್ಣೆ ನನ್ನ ಎದೆಯ ಹತ್ತಿರ ಹರಿದು ಬಂದು ಇಂಗಿತು.

ಎಷ್ಟು ಹೊತ್ತು ಹಾಗೆ ಇದ್ದೆನೋ ಗೊತ್ತಿಲ್ಲ. ಪ್ರವಚನ ಮುಗಿದು ನಮಾಜು ಶುರುವಾಗಿತ್ತು. ನನ್ನ ಪಾದಕ್ಕೆ ಏನೋ ಗಟ್ಟಿ ಮುಟ್ಟಿತು. ಒರಟು ಕಾಂಕ್ರೀಟು. ಬಗ್ಗಿ ನೋಡಿದರೆ ನಾನು ಮೊಣಕಾಲು ಮಟ್ಟದ ಮಣ್ಣಿನಲ್ಲಿ ನೆಟ್ಟಗೆ ನಿಂತಿದ್ದೇನೆ. ಮೇಲೆ ಬಂದದ್ದು ನನಗೆ ಗೊತ್ತಾಗಲಿಲ್ಲ. ಯಾರೂ ಎತ್ತಲಿಲ್ಲ, ನಾನು ಹತ್ತಲೂ ಇಲ್ಲ. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಹೊರಗೆ ಬಂದೆ. ಅವಳು ಇನ್ನೂ ಬೇಕು ಎಂದು ಅತ್ತಳು.

ಸಂಜೆ ಶಶಿಕಲಾ ಬಂದಾಗ ನಾನು ಸೀರೆ ಬದಲಿಸದೆ ಹಾಗೇ ನಿಂತಿದ್ದೆ, ಅವಳು ನೋಡಲೆಂದೇ. ಬೂದು ಕೆಸರು ಎದೆಯವರೆಗೆ, ಸುತ್ತಲೂ ಒಂದೇ ಗೆರೆ.

"ನಿಂಗೆ ಎಂತ ಮರ್ಲಾ ಅಮ್ಮ? ಪ್ರೆಶರ್ ಇಳಿದು ಮಣ್ಣಲ್ಲಿ ಕೂತುಬಿಟ್ಟಿದ್ದಿ, ಅಷ್ಟೇ" ಎಂದಳು.

"ಕೂತದ್ದಾ? ನಾನಾ? ಕಕ್ಕಸಿಗೆ ಕುರ್ಚಿ ತಂದುಕೊಟ್ಟದ್ದು ಯಾರಿಗೆ, ನಿನ್ನ ಅತ್ತೆಗಾ?"

ಅವಳು ನನ್ನ ಮೊಣಕಾಲು ನೋಡಿದಳು, ಸೀರೆಯ ಗೆರೆ ನೋಡಿದಳು, ಚಾ ಮಾಡಲು ಹೋದಳು.

ಉಮೇಶ ಮರುದಿನ ಕಬ್ಬಿಣದ ಸರಳು ತಂದು ತೊಟ್ಟಿಯ ಎಲ್ಲ ಕಡೆ ಚುಚ್ಚಿದ. ಚುಚ್ಚಿದಲ್ಲೆಲ್ಲ ಟಕ್ ಎಂದು ತಳ ಸಿಕ್ಕಿತು. ಅವನ ಕಂಪನಿಯಲ್ಲಿ ಮಣ್ಣು ಓದಿದ ಒಬ್ಬ ಮಲಯಾಳಿ ಇದ್ದ, ಒಳ್ಳೆಯ ಮನುಷ್ಯ. ಬೂದಿಯ ಮಣ್ಣು ಹೊಟ್ಟೆಯೊಳಗೆ ನೀರು ಇಟ್ಟುಕೊಳ್ಳುತ್ತದೆ, ತುಳಿದರೆ ಬಿಟ್ಟುಬಿಡುತ್ತದೆ, ಸುಮ್ಮನೆ ಬಿಟ್ಟರೆ ಮತ್ತೆ ಗಟ್ಟಿಯಾಗುತ್ತದೆ ಎಂದು ಕೈಯಲ್ಲಿ ಹಿಡಿದು ಮಾಡಿ ತೋರಿಸಿದ. ಅವನು ಹೇಳಿದ್ದು ಸರಿಯೇ. ತುಳಿದದ್ದು ಗಂಜಿಯಾದದ್ದಕ್ಕೂ, ಸುಮ್ಮನಿದ್ದಾಗ ಬಿಗಿದದ್ದಕ್ಕೂ ಅದು ಉತ್ತರ. ಮೊಣಕಾಲು ಮಟ್ಟದ ತೊಟ್ಟಿಯಲ್ಲಿ ಎದೆಮಟ್ಟ ಹೇಗೆ ಇಳಿದೆ ಎಂದು ಕೇಳಿದೆ. ಉಮೇಶ ಹಿಂದಿಯಲ್ಲಿ ಅದನ್ನು ಹೇಳಿದ. ಆತ ನಕ್ಕು, ಅಮ್ಮನಿಗೆ ನೀರು ಜಾಸ್ತಿ ಕುಡಿಯಲು ಹೇಳಿ ಎಂದ.

ಗುಲಾಬಿ ಬಂತು, ಬೇಸಿಗೆಗೆ ಸತ್ತಿತು. ಅರಬಿಗೆ ಬೇಸರ ಬಂದು ಎಲ್ಲ ಮಣ್ಣನ್ನೂ ತೆಗೆಸಿದ. ನನ್ನ ಮಾತಿಗಾಗಿ ಉಮೇಶ ಅದನ್ನು ಪೂರ್ತಿ ಜರಡಿ ಹಿಡಿಸಿದ. ಶ್ರೇಯಾಳ ಒಂದು ಪ್ಲಾಸ್ಟಿಕ್ ಚಮಚ, ಒಂದು ಚಪ್ಪಲಿ ಸಿಕ್ಕಿದವು. ಕಾಲುಂಗುರ ಇಲ್ಲ. ಕಾಂಕ್ರೀಟನ್ನು ನಾನೇ ನೀರು ಹಾಕಿ ತೊಳೆದು ನೋಡಿದೆ. ಕೂದಲೆಳೆಯಷ್ಟು ಬಿರುಕು ಇರಲಿಲ್ಲ.

ಶ್ರೇಯಾ ಈಗ ಕಾಲೇಜಿಗೆ ಹೋಗುವ ಹುಡುಗಿ. ಅವಳೆದುರು ನಾವು ಆ ಮಾತು ಎತ್ತಿದ್ದೇ ಇಲ್ಲ. ಹೋದ ವರ್ಷ ರಜೆಯಲ್ಲಿ ತಾಯಿಯ ಜೊತೆ ಊರಿಗೆ ಬಂದವಳು ಊಟ ಮಾಡುತ್ತಾ, ಯಾವುದೋ ಮಾತಿನ ನಡುವೆ ಕೇಳಿದಳು, "ಅಜ್ಜಿ, ದೋಹಾದಲ್ಲಿ ನೀನು ಒಂದಿನ ನನಗಿಂತ ಗಿಡ್ಡ ಇದ್ದೆ ಅಲ್ವಾ? ನಾನು ಬಗ್ಗಿ ತಿನ್ನಿಸಿದ್ದು ನೆನಪಿದೆ. ಅದು ಕನಸಾ?"

ಶಶಿಕಲಾ ಸಾರು ಬಡಿಸುತ್ತಿದ್ದವಳು ಸೌಟು ಹಿಡಿದು ನಿಂತಳು. ನನ್ನ ಬಲಗಾಲಿನ ಬೆರಳಿನಲ್ಲಿ ಉಂಗುರ ಕಚ್ಚಿದ್ದ ಜಾಗ ಇವತ್ತಿಗೂ ಬೆಳ್ಳಗೆ ತಗ್ಗಾಗಿಯೇ ಇದೆ, ತುಂಬಿಕೊಂಡಿಲ್ಲ. ಸೀರೆಯ ಅಂಚನ್ನು ಆ ಕಾಲಿನ ಮೇಲೆ ಎಳೆದುಕೊಂಡೆ.